ಆಕ್ಷೇಪಕ್ಕೂ ಒಂದು ಮಣೆ

ಸುಮಾರು 950 ವರ್ಷಗಳ ಹಿಂದಿನ ಮಾತು. ಫ್ರಾನ್ಸಿನ ನಾರ್ಮಂಡಿ ಸೀಮೆಯ ಬೆಕ್ ಎಂಬಲ್ಲಿ ಒಂದು ಕ್ರೈಸ್ತ ಮಠ. ಅಲ್ಲಿದ್ದ ಆನ್ಸೆಲ್ಮ್ (1033–1109) ಒಂದು ಸಣ್ಣ ಪುಸ್ತಕ ಬರೆದ. ದೇವರಿದ್ದಾನೆ ಎಂಬುದನ್ನು ಪವಾಡದ ಕತೆ ಹೇಳದೆ, ಶಾಸ್ತ್ರದ ಅಧಿಕಾರದ ಮೇಲೆ ಭಾರ ಹಾಕದೆ, ಬರೀ ವಿಚಾರದಿಂದ ತೋರಿಸಬೇಕೆಂಬುದು ಅವನ ಹಟ. ಯಾವುದಕ್ಕಿಂತ ದೊಡ್ಡದನ್ನು ಎಣಿಸಲಿಕ್ಕೇ ಆಗದೋ ಅದು ದೇವರು. ಅದು ಮನಸ್ಸಿನಲ್ಲಷ್ಟೇ ಇದ್ದು ಹೊರಗೆ ಇಲ್ಲವಾದರೆ, ಹೊರಗೂ ಇರುವಂಥದ್ದು ಅದಕ್ಕಿಂತ ದೊಡ್ಡದಾಗಿಬಿಡುತ್ತದೆ. ಆದ್ದರಿಂದ ದೇವರು ಇರಲೇಬೇಕು. ಇದು ವಾದದ ತಿರುಳು. ದೇವರಿಲ್ಲ ಎನ್ನುವ ಮೂರ್ಖನೂ ಇದನ್ನು ಒಪ್ಪಲೇಬೇಕೆಂದು ಅವನು ತಿಳಿದ. ಮಾರ್ಮೂತಿಯೇ ಮಠದ ಗೌನಿಲೋ ಎಂಬ ಸನ್ಯಾಸಿಗೆ ಇದು ಹಿಡಿಸಲಿಲ್ಲ. ತಾನೂ ನಂಬಿಗಸ್ಥನೇ ಆದರೂ ಆ ಮೂರ್ಖನ ವಕಾಲತ್ತು ವಹಿಸಿಕೊಂಡು ಕೇಳಿದ: ಎಲ್ಲ ದ್ವೀಪಗಳಿಗಿಂತ ಶ್ರೇಷ್ಠವಾದ, ಯಾರೂ ಕಾಣದ ಒಂದು ದ್ವೀಪವನ್ನು ನಾನು ಎಣಿಸಿಕೊಳ್ಳಬಲ್ಲೆ, ಎಣಿಸಿದ ಮಾತ್ರಕ್ಕೆ ಅದು ಸಮುದ್ರದಿಂದ ಎದ್ದು ಬಂದೀತೇ? ಪೆಟ್ಟು ಬಲವಾಗಿಯೇ ಬಿದ್ದಿತ್ತು. ಆನ್ಸೆಲ್ಮ್ ಉತ್ತರ ಬರೆದ. ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದ. ಮುಂದೆ ತನ್ನ ಪುಸ್ತಕವನ್ನು ಯಾರೇ ನಕಲು ಮಾಡಲಿ, ಗೌನಿಲೋನ ಆಕ್ಷೇಪವನ್ನೂ ತನ್ನ ಉತ್ತರವನ್ನೂ ಕೊನೆಗೆ ಸೇರಿಸಬೇಕೆಂದು ಹೇಳಿದ. ಇವತ್ತಿಗೂ ಅವು ಕೂಡಿಯೇ ಅಚ್ಚಾಗುತ್ತವೆ.

ಈಗ ನಾರ್ಮಂಡಿಯಿಂದ ಬೆಳಗಾವಿ ಸೀಮೆಗೆ ಬರೋಣ. ಬಾಗೇವಾಡಿ ಎಂದರೆ ನಾಡಿಗೆಲ್ಲ ಮೊದಲು ನೆನಪಾಗುವುದು ಬಸವಣ್ಣನವರ ಬಾಗೇವಾಡಿ. ಹುಕ್ಕೇರಿ ತಾಲ್ಲೂಕಿನದು ಬೆಲ್ಲದ ಬಾಗೇವಾಡಿ. ಹೆಸರಿನಲ್ಲೇ ಬೆಲ್ಲ ಇದೆ. ಇಲ್ಲಿನ ಓದುಗರ ಮುಂದೆ ನಾರ್ಮಂಡಿಯ ಸನ್ಯಾಸಿಯನ್ನು ತಂದು ಕೂರಿಸಲು ಕಾರಣವಿದೆ. ಜಾತ್ರೆ, ಹರಕೆ, ಅಡ್ಡಪಲ್ಲಕ್ಕಿ, ದೇವರ ಹೇಳಿಕೆ, ಯಾವುದರ ಮಾತು ಬಂದರೂ ಈಗ ಊರು ಎರಡು ಪಾಲಾಗುತ್ತದೆ. ಒಂದು ಪಾಲು, ಇದು ಶ್ರದ್ಧೆಯ ವಿಷಯ, ಬಾಯಿ ಹಾಕಬೇಡಿ ಎನ್ನುತ್ತದೆ. ಇನ್ನೊಂದು, ನಂಬಿದವನು ಬುದ್ಧಿ ಒತ್ತೆಯಿಟ್ಟವನೇ, ಅವನ ಜೊತೆ ಏನು ಮಾತು ಎನ್ನುತ್ತದೆ. ವಚನಗಳ ಸಂಶೋಧನೆಯಲ್ಲೇ ಆಯುಷ್ಯ ಸವೆಸಿದ ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅದಾದ ಮೇಲೆ ಈ ಎರಡು ಪಾಲುಗಳ ನಡುವಿನ ಬಿರುಕು ಇನ್ನೂ ಅಗಲವಾಯಿತು. ಇಬ್ಬರೂ ಕಿತ್ತಾಡಿದರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತವಿದೆ: ನಂಬಿಕೆಗೂ ವಿಚಾರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಎಂಬುದು. ನನ್ನ ತಕರಾರು ಇರುವುದು ಈ ಒಮ್ಮತದ ಮೇಲೆ. ಮಧ್ಯಯುಗದ ದೊಡ್ಡ ನಂಬಿಗಸ್ಥರು, ಯುರೋಪಿನವರಿರಲಿ ಕನ್ನಡ ನೆಲದವರಿರಲಿ, ಪ್ರಶ್ನೆಯನ್ನು ನಂಬಿಕೆಯ ಕೆಲಸದ ಒಂದು ಭಾಗವೆಂದೇ ತಿಳಿದಿದ್ದರು. ಪ್ರಶ್ನೆ ಬೇಡವೆನ್ನುವವರು ಪರಂಪರೆಯ ಹೆಸರು ಹೇಳುತ್ತಾರೆ. ಪರಂಪರೆಯ ಪುಸ್ತಕ ತೆರೆದರೆ ಅಲ್ಲಿ ಬೇರೆಯದೇ ಇದೆ.

ಥಾಮಸ್ ಅಕ್ವಿನಾಸ್‌ನ (1225–1274) ‘ಸುಮ್ಮಾ ಥಿಯಾಲಜಿಯೇ’ ಕ್ಯಾಥೊಲಿಕ್ ಚಿಂತನೆಯ ಹೆಗ್ಗಂಬ. ಅದರಲ್ಲಿ 500ಕ್ಕೂ ಹೆಚ್ಚು ಪ್ರಶ್ನೆಗಳು, ಅವುಗಳ ಅಡಿ 2,600ಕ್ಕೂ ಹೆಚ್ಚು ಉಪಪ್ರಶ್ನೆಗಳಿವೆ. ಒಂದೊಂದು ಉಪಪ್ರಶ್ನೆಯೂ ಎದುರಾಳಿಯ ಮಾತಿನಿಂದಲೇ ಶುರುವಾಗುತ್ತದೆ. ಮೊದಲು ತಾನು ಹೇಳಹೊರಟಿದ್ದಕ್ಕೆ ವಿರುದ್ಧವಾದ ಆಕ್ಷೇಪಗಳು ಸಾಲಾಗಿ ಬರುತ್ತವೆ. ಆಮೇಲೆ ಅವುಗಳಿಗೆ ಎದುರಾದ ಒಂದು ಪ್ರಮಾಣವಾಕ್ಯ. ಆಮೇಲೆ ಅಕ್ವಿನಾಸ್‌ನ ನಿಲುವು. ಕೊನೆಗೆ ಒಂದೊಂದು ಆಕ್ಷೇಪಕ್ಕೂ ಬೇರೆ ಬೇರೆ ಉತ್ತರ. ದೇವರಿದ್ದಾನೆಯೇ ಎಂಬ ಪ್ರಶ್ನೆಗೆ ಅವನು ಮೊದಲು ಬರೆದಿಟ್ಟ ಆಕ್ಷೇಪಗಳು ಎರಡು. ದೇವರು ಅಪಾರ ಒಳ್ಳೆಯತನವೇ ಆಗಿದ್ದರೆ ಲೋಕದಲ್ಲಿ ಕೇಡು ಇರಬಾರದಾಗಿತ್ತು. ಕೇಡು ಇದೆ, ಆದ್ದರಿಂದ ದೇವರಿಲ್ಲ. ಎರಡನೆಯದು, ಲೋಕದ ನಡೆಯನ್ನೆಲ್ಲ ಪ್ರಕೃತಿಯಿಂದ ಮತ್ತು ಮನುಷ್ಯನ ಬುದ್ಧಿಯಿಂದ ವಿವರಿಸಬಹುದಾದರೆ ದೇವರ ಗರಜೇ ಇಲ್ಲ. ಇವತ್ತಿನ ನಾಸ್ತಿಕ ಭಾಷಣಕಾರನಿಗೂ ಇದಕ್ಕಿಂತ ಬಿಗಿಯಾಗಿ ಹೇಳುವುದು ಕಷ್ಟ. ಈ ಸಂತನ ಪುಸ್ತಕದಲ್ಲಿ ದೇವರಿದ್ದಾನೆಂದು ತೋರಿಸಲು ಆಸ್ತಿಕ ಹಿಡಿಯುವ ಐದು ದಾರಿಗಳಿಗಿಂತ ಮೊದಲು ನಾಸ್ತಿಕನ ಎರಡು ಮಾತುಗಳು ಕೂತಿವೆ. ಅವನಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲಿನ ಪೀಟರ್ ಅಬೆಲಾರ್ಡ್ (1079–1142) ಇನ್ನೂ ತುಂಟ. 158 ಪ್ರಶ್ನೆಗಳನ್ನು ಎತ್ತಿಕೊಂಡು, ಒಂದೊಂದಕ್ಕೂ ಚರ್ಚಿನ ಹಿರಿಯರು ಹೌದೆಂದದ್ದನ್ನೂ ಅಲ್ಲವೆಂದದ್ದನ್ನೂ ಎದುರುಬದುರು ಇಟ್ಟು, ಉತ್ತರ ಹೇಳದೆ ಓದುಗನಿಗೇ ಬಿಟ್ಟ. ಪುಸ್ತಕದ ಹೆಸರೇ ‘ಹೌದು ಮತ್ತು ಅಲ್ಲ’.

ಇದು ದೂರದ ಸರಕು ಎಂದು ತಳ್ಳಿಹಾಕುವಂತಿಲ್ಲ. 1879ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅಕ್ವಿನಾಸ್‌ನ ಓದನ್ನು ಮತ್ತೆ ಮುಂದಕ್ಕೆ ತಂದ ವರ್ಷವೇ ಮಂಗಳೂರಿನಲ್ಲಿ ಸಂತ ಜೋಸೆಫರ ಸೆಮಿನರಿ ಶುರುವಾಯಿತು. ಅಲ್ಲಿಂದೀಚೆಗೆ ಈ ತತ್ವಶಾಸ್ತ್ರ ಕರ್ನಾಟಕದ ಪಾಠವೂ ಹೌದು. ಅದಕ್ಕಿಂತ ಮುಖ್ಯವಾಗಿ, ಅದರ ಪಕ್ಕಕ್ಕಿಡಬಹುದಾದ ಪುಸ್ತಕಗಳು ಇದೇ ನೆಲದಲ್ಲಿ ಹುಟ್ಟಿವೆ. ಎದುರಾಳಿಯ ಮಾತನ್ನು ಮೊದಲು ಇಡುವ ಪೂರ್ವಪಕ್ಷದ ಪದ್ಧತಿ ಭಾರತದ ದರ್ಶನಗಳಿಗೆಲ್ಲ ಮನೆಯ ಮಾತು. ಅಕ್ವಿನಾಸ್‌ಗಿಂತ ಹದಿಮೂರೇ ವರ್ಷ ಕಿರಿಯರಾದ ಉಡುಪಿ ಸೀಮೆಯ ಮಧ್ವಾಚಾರ್ಯರು (1238–1317) ಭಕ್ತಿಗೆ ಕೊಟ್ಟ ಲಕ್ಷಣವನ್ನು ನೋಡಿ: ಮಹಿಮೆಯ ತಿಳಿವಳಿಕೆ ಮೊದಲಾಗಿ ಹುಟ್ಟುವ, ಬೇರೆಲ್ಲಕ್ಕಿಂತ ಮಿಗಿಲಾದ ಗಟ್ಟಿ ಸ್ನೇಹವೇ ಭಕ್ತಿ. ತಿಳಿವು ಮೊದಲು, ಪ್ರೀತಿ ಆಮೇಲೆ. ಶರಣರ ಷಟ್‌ಸ್ಥಲದಲ್ಲಿ ಶ್ರದ್ಧಾಭಕ್ತಿ ಇರುವುದು ಭಕ್ತಸ್ಥಲದಲ್ಲಿ, ಅಂದರೆ ಮೊದಲ ಮೆಟ್ಟಿಲಲ್ಲಿ. ಅಲ್ಲಿಂದ ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂದು ಏರಬೇಕು. ಶ್ರದ್ಧೆಯ ವಿಷಯ ಎಂದು ಹೇಳಿ ಮಾತು ಮುಗಿಸುವವನು ಹೊಸ್ತಿಲಲ್ಲೇ ಚಾಪೆ ಹಾಸಿ ಮಲಗಿದಂತೆ. ಬೆಳಗಾವಿ ಸೀಮೆಯಲ್ಲಿ ಊರೂರಿಗೆ ಇರುವ ಜೈನರ ಮಾತಂತೂ ಇನ್ನೂ ನೇರ. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರ ಎಂಬ ಮೂರು ರತ್ನಗಳಲ್ಲಿ ಮೊದಲನೆಯದೇ ನಂಬಿಕೆ. ಆದರೆ ಆ ನಂಬಿಕೆ ಸರಿಯಾದದ್ದು ಎನ್ನಿಸಿಕೊಳ್ಳಬೇಕಾದರೆ ಲೋಕಮೂಢತೆ, ದೇವಮೂಢತೆ, ಗುರುಮೂಢತೆ ಮೂರೂ ಕಳೆದಿರಬೇಕು ಎಂದು ಸಮಂತಭದ್ರರ ಶ್ರಾವಕಾಚಾರ ವಿಧಿಸುತ್ತದೆ. ನದಿಯಲ್ಲಿ ಮುಳುಗಿದರೆ, ಮರಳು ಕಲ್ಲು ಗುಡ್ಡೆ ಹಾಕಿದರೆ, ಬೆಟ್ಟದಿಂದ ಬಿದ್ದರೆ ಧರ್ಮ ಎಂದುಕೊಳ್ಳುವುದು ಲೋಕಮೂಢತೆಯಂತೆ. ಮೂಢನಂಬಿಕೆಯ ಟೀಕೆಯನ್ನು ಇಲ್ಲಿ ವಿಚಾರವಾದಿ ಹೊರಗಿನಿಂದ ತಂದು ಹಾಕಿಲ್ಲ; ಅದು ನಂಬಿಕೆಯ ಲಕ್ಷಣದ ಒಳಗೇ ಇದೆ.

ಇಷ್ಟಾದರೂ ವಿಚಾರ ಯಾಕೆ ಬೇಕು, ಭೋಳೆ ಭಕ್ತಿ ಸಾಲದೇ? ಈ ಪ್ರಶ್ನೆಯನ್ನು ಎಲ್ಲರಿಗಿಂತ ಜೋರಾಗಿ ಎತ್ತಿದವನು ಕ್ಲೇರ್ವೋದ ಬರ್ನಾರ್ಡ್ (1090–1153). ಅಬೆಲಾರ್ಡ್ ಸಾದಾ ಜನರ ನಂಬಿಕೆಯನ್ನು ನಗೆಪಾಟಲು ಮಾಡುತ್ತಿದ್ದಾನೆ, ದೇವರ ಗುಟ್ಟುಗಳನ್ನು ಬೀದಿಯ ಹರಟೆಗೆ ಎಳೆಯುತ್ತಿದ್ದಾನೆ ಎಂದು ಅವನು ಕಿಡಿಕಾರಿದ. ಬರ್ನಾರ್ಡ್‌ನನ್ನು ಖಳನಾಯಕ ಮಾಡುವುದು ಸುಲಭ, ನ್ಯಾಯವಲ್ಲ. ಪ್ರೀತಿಯ ಬಗ್ಗೆ ಮಧ್ಯಯುಗದಲ್ಲಿ ಅವನಷ್ಟು ಸೂಕ್ಷ್ಮವಾಗಿ ಬರೆದವರು ಕಡಿಮೆ. ಮನುಷ್ಯ ಮೊದಲು ತನಗಾಗಿ ತನ್ನನ್ನು ಪ್ರೀತಿಸುತ್ತಾನೆ; ಆಮೇಲೆ ತನ್ನ ಲಾಭಕ್ಕಾಗಿ ದೇವರನ್ನು; ಆಮೇಲೆ ದೇವರಿಗಾಗಿಯೇ ದೇವರನ್ನು; ಕೊನೆಗೆ ದೇವರಿಗಾಗಿ ತನ್ನನ್ನೂ ಪ್ರೀತಿಸುತ್ತಾನೆ. ಈ ನಾಲ್ಕು ಮೆಟ್ಟಿಲು ಅವನವು. ಹರಕೆ ಹೊತ್ತು, ಕೆಲಸವಾದರೆ ಕಾಯಿ ಒಡೆಸುವ ನಮ್ಮ ಭಕ್ತಿ ಎರಡನೆಯದರಲ್ಲಿ ನಿಂತಿದೆ ಎಂದರೆ ಯಾರೂ ಸಿಟ್ಟಾಗಬೇಕಿಲ್ಲ. ಬರ್ನಾರ್ಡ್ ಅದನ್ನು ತಪ್ಪು ಎನ್ನುವುದಿಲ್ಲ, ಅಲ್ಲೇ ನಿಲ್ಲಬೇಡ ಎನ್ನುತ್ತಾನೆ. ಆದರೆ ನಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ತಿಳಿಯುವುದಾದರೂ ಹೇಗೆ? ನನ್ನ ಪ್ರೀತಿಯ ಒಳಗೆ ಎಷ್ಟು ಲೋಭ ಇದೆ ಎಂದು ನನ್ನನ್ನೇ ಪರೀಕ್ಷಿಸಿಕೊಳ್ಳದೆ ತಿಳಿಯಲಾರದು. ಆ ಪರೀಕ್ಷೆ ವಿಚಾರವೇ. ಬರ್ನಾರ್ಡ್ ಅಬೆಲಾರ್ಡ್‌ನ ತರ್ಕವನ್ನು ದೂರಿದ, ತನ್ನ ಪ್ರೀತಿಯ ಏಣಿಗೆ ಅದೇ ತರ್ಕದ ಸಣ್ಣ ಮೊಳೆಗಳನ್ನು ಹೊಡೆದ.

ಭೋಳೆ ಭಕ್ತಿ ಎಂಬ ಮಾತಿನಲ್ಲಿ ಇನ್ನೊಂದು ಮೋಸವಿದೆ. ಓದುಬರಹ ಇಲ್ಲದವರಿಗೆ ವಿಚಾರ ಇಲ್ಲ ಎಂದು ಅದು ಸುಮ್ಮನೆ ಒಪ್ಪಿಕೊಂಡುಬಿಡುತ್ತದೆ. ಅಕ್ವಿನಾಸ್ ಅರಿಸ್ಟಾಟಲ್‌ನಿಂದ ಪಡೆದ ಸದ್ಗುಣದ ಕಲ್ಪನೆ ಇಲ್ಲಿ ನೆರವಿಗೆ ಬರುತ್ತದೆ. ಸದ್ಗುಣವೆಂದರೆ ನಿಯಮದ ಪಟ್ಟಿಯಲ್ಲ. ಮಾಡಿ ಮಾಡಿ ಮೈಗೂಡಿದ ಹದ. ಹದ ಎಂಬ ಮಾತಿಗೆ ಬೆಲ್ಲದ ಊರಿನಲ್ಲಿ ವಿವರಣೆ ಬೇಕಿಲ್ಲ. ಗಾಣದ ಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆಯ ಲೋಳೆ, ಸುಣ್ಣದ ತಿಳಿ ಬಿಟ್ಟು, ಮೇಲೆ ಬಂದ ಹೊಲಸನ್ನು ತೆಗೆಯುತ್ತಲೇ ಇರಬೇಕು. ಪಾಕ ಗಟ್ಟಿಯಾಗುತ್ತ ಬಂದಾಗ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟುತ್ತದೆಯೇ ಎಂದು ನೋಡುತ್ತಾರೆ. ಬೇಗ ಇಳಿಸಿದರೆ ಪೆಂಟಿ ನಿಲ್ಲದು, ತಡವಾದರೆ ಸೀದು ಕಪ್ಪಾದೀತು. ಆ ಕೈಗೆ ಥರ್ಮಾಮೀಟರ್ ಬೇಕಿಲ್ಲ. ಆದರೆ ಆ ಕೈ ಕುರುಡೂ ಅಲ್ಲ, ಕ್ಷಣಕ್ಷಣಕ್ಕೂ ಪರೀಕ್ಷೆ ಮಾಡುತ್ತಿರುತ್ತದೆ. ಅಕ್ವಿನಾಸ್ ವಿವೇಕ ಎಂದದ್ದು ಇಂಥ ಬುದ್ಧಿಯನ್ನು. ನ್ಯಾಯ, ಧೈರ್ಯ, ಸಂಯಮ ಎಂಬ ಉಳಿದ ಮೂರು ಗುಣಗಳ ಮೂಗುದಾರ ವಿವೇಕದ ಕೈಯಲ್ಲಿದೆ. ಎಲ್ಲಕ್ಕೂ ಜೀವ ತುಂಬುವುದು ಪ್ರೀತಿ. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸ್ಸು ಕಳಿಸಿದ ಕತೆ ಎಲ್ಲರಿಗೂ ಗೊತ್ತು. ಅಕ್ಕಿ ಕದ್ದದ್ದಲ್ಲ, ಉದ್ದೇಶವೂ ದಾಸೋಹದ್ದೇ. ಆದರೂ ಇವತ್ತಿಗೆ ಬೇಕಾದದ್ದಕ್ಕಿಂತ ಹೆಚ್ಚು ತಂದ ಕೈಯಲ್ಲಿ ಆಸೆ ಅಂಟಿದೆಯೇ ಎಂದು ಅವಳು ಕೇಳಿದಳು. ಯಾವ ಪಾಠಶಾಲೆಯ ತರ್ಕವೂ ಇಷ್ಟು ನವಿರಾಗಿ ಭಕ್ತಿಯನ್ನೂ ಲೋಭವನ್ನೂ ಬೇರೆ ಮಾಡಲಾರದು. ಲಕ್ಕಮ್ಮನನ್ನು ಭೋಳೆ ಎನ್ನುವವರು ಅವಳ ವಚನ ಓದಿಲ್ಲ.

ಈಗ ಗಟ್ಟಿ ಆಕ್ಷೇಪಗಳಿಗೆ ಬರೋಣ. ಬರ್ಟ್ರಂಡ್ ರಸೆಲ್ 1945ರ ತನ್ನ ತತ್ವಶಾಸ್ತ್ರದ ಇತಿಹಾಸದಲ್ಲಿ ಅಕ್ವಿನಾಸ್‌ನಲ್ಲಿ ನಿಜವಾದ ತಾತ್ವಿಕ ಮನೋಭಾವ ಕಡಿಮೆ ಎಂದ. ವಾದ ಶುರುವಾಗುವ ಮೊದಲೇ ಅವನಿಗೆ ತೀರ್ಮಾನ ಗೊತ್ತು. ಅದಕ್ಕೆ ಕಾರಣ ಹುಡುಕುವುದಷ್ಟೇ ಅವನ ಕೆಲಸ ಎಂಬುದು ದೂರು. ಇದರಲ್ಲಿ ಬಹಳಷ್ಟು ನಿಜ. ಸುಮ್ಮಾದಲ್ಲಿ ಒಮ್ಮೆಯೂ ಆಕ್ಷೇಪಗಾರ ಗೆದ್ದು, ಧರ್ಮದ ಮೂಲಸಿದ್ಧಾಂತ ಬಿದ್ದುಹೋಗುವುದಿಲ್ಲ. ಆದರೆ ಪದ್ಧತಿಯೊಂದು ಅದನ್ನು ಬಳಸಿದವನ ಉದ್ದೇಶಕ್ಕಿಂತ ದೊಡ್ಡದಾಗಿ ಬೆಳೆಯಬಲ್ಲದು. ಆಕ್ಷೇಪವನ್ನು ಒಮ್ಮೆ ಬರೆದಿಟ್ಟರೆ ಅದು ಉತ್ತರ ಬರೆದವನ ಅಂಕೆಯಲ್ಲಿ ಉಳಿಯುವುದಿಲ್ಲ. ಆನ್ಸೆಲ್ಮ್‌ನ ವಾದ ನಿಲ್ಲದು ಎನ್ನುವ ಇವತ್ತಿನ ಓದುಗ ಗೌನಿಲೋನ ಪಕ್ಷ ಹಿಡಿಯಲು ಸಾಧ್ಯವಾದದ್ದು ಆನ್ಸೆಲ್ಮ್ ಅವನನ್ನು ಉಳಿಸಿದ್ದರಿಂದ. ಚಾರ್ವಾಕರ ಸ್ವಂತ ಗ್ರಂಥಗಳು ಹೆಚ್ಚುಕಡಿಮೆ ಅಳಿದುಹೋಗಿವೆ. ವೇದವನ್ನೂ ಪರಲೋಕವನ್ನೂ ಅಲ್ಲಗಳೆದ ಅವರ ವಾದ ನಮಗೆ ತಿಳಿದಿರುವುದು ಬಹುಮಟ್ಟಿಗೆ ಅವರ ವಿರೋಧಿಗಳು ಬರೆದಿಟ್ಟದ್ದರಿಂದ. ವಿಜಯನಗರ ಕಾಲದ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯವೇ ಚಾರ್ವಾಕದರ್ಶನ. ಸೋಲಿಸಲೆಂದೇ ಕರೆದುಕೂರಿಸಿದ ಅತಿಥಿ ಆರು ಶತಮಾನ ದಾಟಿ ಇವತ್ತೂ ಮಾತಾಡುತ್ತಿದ್ದಾನೆ.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರ. ಪ್ರಶ್ನೆಗೆ ಮಣೆ ಹಾಕಿದರೆಂದು ಹೊಗಳುವ ಇದೇ ಜನರ ಕೈಗೆ ರಕ್ತ ಅಂಟಿಲ್ಲವೇ? ಅಂಟಿದೆ. 1121ರಲ್ಲಿ ಸುವಾಸೋನ್ ಸಭೆಯಲ್ಲಿ ಅಬೆಲಾರ್ಡ್‌ನ ಕೈಯಿಂದಲೇ ಅವನ ಪುಸ್ತಕವನ್ನು ಬೆಂಕಿಗೆ ಹಾಕಿಸಿದರು. 1277ರಲ್ಲಿ ಪ್ಯಾರಿಸ್ಸಿನ ಬಿಷಪ್ 219 ತಾತ್ವಿಕ ಹೇಳಿಕೆಗಳನ್ನು ನಿಷೇಧಿಸಿದ. ಸತ್ತು ಮೂರು ವರ್ಷವಾಗಿದ್ದ ಅಕ್ವಿನಾಸ್‌ನ ಕೆಲವು ವಿಚಾರಗಳಿಗೂ ಅದರ ಬಿಸಿ ತಟ್ಟಿತು. ಅಕ್ವಿನಾಸ್ ಸ್ವತಃ, ತಿದ್ದಿ ಹೇಳಿದರೂ ಕೇಳದ ಧರ್ಮಭ್ರಷ್ಟನನ್ನು ಕೊಲ್ಲಬಹುದು ಎಂದು ಬರೆದಿದ್ದಾನೆ. ಇದನ್ನು ಮುಚ್ಚಿಟ್ಟು ಅವನನ್ನು ಮೆರೆಸಿದರೆ ಅದು ನಾನು ಇಲ್ಲಿ ಹೇಳುತ್ತಿರುವುದಕ್ಕೇ ದ್ರೋಹ. ಆದರೆ ಅದೇ ಸುಮ್ಮಾದಲ್ಲಿ ಇನ್ನೊಂದು ಮಾತಿದೆ. ಒಬ್ಬನ ಬುದ್ಧಿಗೆ ಕ್ರಿಸ್ತನನ್ನು ನಂಬುವುದು ಕೆಟ್ಟದ್ದೆಂದು ಪ್ರಾಮಾಣಿಕವಾಗಿ ತೋರಿದರೆ, ಆಗ ಅವನು ನಂಬುವುದು ತಪ್ಪಾಗುತ್ತದೆ. ದಾರಿ ತಪ್ಪಿದ ಬುದ್ಧಿಗೂ ವಿರುದ್ಧವಾಗಿ ಮನುಷ್ಯ ನಡೆಯುವಂತಿಲ್ಲ ಎಂಬ ಮಾತು. ಈ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟರೆ, ಕೊಲ್ಲಬಹುದೆಂದ ಪುಟವನ್ನು ತಿದ್ದುವ ಶಕ್ತಿ ಇರುವುದು ಎರಡನೆಯದಕ್ಕೆ. ಅಂದರೆ ಅಕ್ವಿನಾಸ್‌ನ ತಪ್ಪನ್ನು ಅಕ್ವಿನಾಸ್‌ನಿಂದಲೇ ತೋರಿಸಬಹುದು. ಪ್ರಶ್ನೆಯನ್ನು ಮನೆಯೊಳಗೆ ಬಿಟ್ಟುಕೊಂಡ ಪರಂಪರೆಗೆ ಮಾತ್ರ ಈ ಅನುಕೂಲ. ಕಲ್ಯಾಣದಲ್ಲಿ ಶರಣರ ಮೇಲೆ ಕತ್ತಿ ಎತ್ತಿದವರು ಅವರ ಜೊತೆ ವಾದ ಮಾಡಿ ಸೋತವರಲ್ಲ, ವಾದವೇ ಬೇಡವೆಂದವರು.

ಇಷ್ಟೆಲ್ಲ ಪುಸ್ತಕದ ಮಾತಾಯಿತು. ಇದರ ನಿಜವಾದ ಪರೀಕ್ಷೆ ಗೋಕಾಕ ಸೀಮೆಯಲ್ಲೇ ಆಗಿದೆ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸುವ ಪದ್ಧತಿಯನ್ನು ನಿಲ್ಲಿಸಲು ಮುಂಬೈ ಸರ್ಕಾರದ ಕಾನೂನು 1934ರಲ್ಲೇ ಬಂದಿತ್ತು. ಬೆಳಗಾವಿ ಆಗ ಮುಂಬೈ ಪ್ರಾಂತದಲ್ಲಿತ್ತು. ಅದು ಸಾಲದೆ ಕರ್ನಾಟಕ 1982ರಲ್ಲಿ ಇನ್ನೊಂದು ಕಾನೂನು ಮಾಡಿತು. ಹೊರಗಿನ ವಿಚಾರ ಎರಡು ಸಲ ಬಾಗಿಲು ತಟ್ಟಿದರೂ ಒಳಗೆ ಮುತ್ತು ಕಟ್ಟುವುದು ಗುಟ್ಟಾಗಿ ನಡೆದೇ ಇತ್ತು. ತಲೆಯಲ್ಲಿ ಜಡೆ ಬಿದ್ದರೆ ಅಮ್ಮ ಕರೆದಳು ಎಂಬ ಮಾತಿನೆದುರು ಪೊಲೀಸರ ಲಾಠಿ ಏನು ಮಾಡೀತು? 1997ರಲ್ಲಿ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಎಂಬ ಸಂಘ ಎದ್ದಿತು. ಅದು ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳದೇ ಸಂಘ. ಜಡೆ ಎಂದರೆ ಗಂಟಾದ ಕೂದಲು, ತೊಳೆದರೆ ಕತ್ತರಿಸಿದರೆ ಹೋಗುತ್ತದೆ ಎಂದು ಹೊರಗಿನವರು ಹೇಳುವುದು ಬೇರೆ; ಆ ಬಾಳನ್ನು ಬಾಳಿದವಳೇ ಪಕ್ಕದಲ್ಲಿ ಕೂತು ಹೇಳುವುದು ಬೇರೆ. ಇಲ್ಲಿ ಕೇಳಬೇಕಾದದ್ದು ಎಲ್ಲಮ್ಮ ಇದ್ದಾಳೋ ಇಲ್ಲವೋ ಎಂಬುದನ್ನಲ್ಲ; ತಾಯಿಯಾದವಳು ಹೀಗೆ ಕೇಳಿಯಾಳೇ ಎಂಬುದನ್ನು. ಮಧ್ಯಯುಗದ ಕ್ರೈಸ್ತ ಪಂಡಿತರು ತಲೆಮಾರುಗಳ ಕಾಲ ಜಗ್ಗಾಡಿದ ಗಂಟು ಇದೇ. ದೇವರು ಅಪ್ಪಣೆ ಕೊಟ್ಟದ್ದರಿಂದ ಒಂದು ಕೆಲಸ ಒಳ್ಳೆಯದಾಗುತ್ತದೋ, ಒಳ್ಳೆಯದಾದ್ದರಿಂದ ದೇವರು ಅಪ್ಪಣೆ ಕೊಡುತ್ತಾನೋ? ವಿಲಿಯಂ ಆಫ್ ಒಕಮ್ ಮೊದಲನೆಯದರ ಕಡೆ ವಾಲಿದ. ಅಕ್ವಿನಾಸ್‌ಗೆ ದೇವರ ಇಚ್ಛೆ ದೇವರ ವಿವೇಕವನ್ನು ಬಿಟ್ಟು ನಡೆಯುವಂಥದ್ದಲ್ಲ. ಹನ್ನೆರಡು ವರ್ಷದ ಹುಡುಗಿಯ ಕೊರಳಿಗೆ ಮುತ್ತು ಬಿಗಿಯುವುದು ಅಮ್ಮನ ಅಪ್ಪಣೆ ಎನ್ನುವವನು, ತನಗೆ ತಿಳಿಯದೆಯೇ, ಒಕಮ್‌ನ ಪಕ್ಷದವನು. ದಯೆ ಇಲ್ಲದ್ದು ಧರ್ಮವೇ ಆಗಲಾರದು ಎಂದ ಬಸವಣ್ಣನವರು ಅಕ್ವಿನಾಸ್ ಹುಟ್ಟುವ ಮೊದಲೇ ಇನ್ನೊಂದು ಪಕ್ಷದಲ್ಲಿ ಗಟ್ಟಿಯಾಗಿ ನಿಂತಿದ್ದರು.

ರಾಜ್ಯದಲ್ಲಿ ಈಗ 2017ರ ಮೌಢ್ಯ ಪ್ರತಿಬಂಧಕ ಕಾನೂನು ಇದೆ, 2020ರಿಂದ ಜಾರಿಯಲ್ಲಿದೆ. ಅದು ಬೇಕು, ಮಾನವ ಘನತೆಗೆ ಪೆಟ್ಟು ಬೀಳುವಾಗ ಗೋಷ್ಠಿ ಮುಗಿಯಲಿ ಎಂದು ಕಾಯುತ್ತ ಕೂರಲಾಗದು. ಆದರೆ ಕಾನೂನು ಕೈ ಹಿಡಿಯಬಲ್ಲದು, ಮನಸ್ಸಿನ ಹದ ಕೂಡಿಸಲಾರದು. ಆ ಕೆಲಸಕ್ಕೆ ಜಾಗ ಬೇರೆ ಇದೆ. ಉತ್ತರ ಕರ್ನಾಟಕದಲ್ಲಿ ಶಿವಾನುಭವ ಗೋಷ್ಠಿ ಎಂಬ ಚಂದದ ಪದ್ಧತಿ ಉಳಿದುಕೊಂಡಿದೆ. ಗದಗಿನ ತೋಂಟದಾರ್ಯ ಮಠದಲ್ಲಿ ಅದು ವಾರವಾರವೂ ನಡೆದು ಬಂದಿದೆ. ಆದರೆ ಇಂಥ ಬಹಳಷ್ಟು ಸಭೆಗಳಲ್ಲಿ ಸ್ವಾಗತ, ಉಪನ್ಯಾಸ, ಆಶೀರ್ವಚನ, ಪ್ರಸಾದ ಎಲ್ಲಕ್ಕೂ ಹೊತ್ತು ಸಿಗುತ್ತದೆ, ಎದ್ದು ನಿಂತು ಅಲ್ಲವೆನ್ನುವವನಿಗೆ ಸಿಗುವುದಿಲ್ಲ. ಚರ್ಚಿನ ಪ್ರವಚನದಲ್ಲಿ, ಬಸದಿಯ ಚಾತುರ್ಮಾಸದಲ್ಲಿ ಕತೆ ಬೇರೆಯಿಲ್ಲ. 15ನೇ ಶತಮಾನದಲ್ಲಿ ‘ಶೂನ್ಯಸಂಪಾದನೆ’ಯನ್ನು ಕಟ್ಟಿದವರು ಅಲ್ಲಮ ಅಕ್ಕಮಹಾದೇವಿಗೆ ಸುಲಭದ ಪ್ರಶ್ನೆ ಕೇಳಿದ ಎಂದು ಬರೆಯಲಿಲ್ಲ. ಮೈಯ ಹಂಗು ಬಿಟ್ಟೆ ಎನ್ನುವವಳು ಕೂದಲಲ್ಲಿ ಮೈ ಮರೆಮಾಡಿಕೊಂಡದ್ದೇಕೆ ಎಂದೇ ಕೇಳಿಸಿದರು, ಅವಳ ಉತ್ತರವನ್ನೂ ಅಷ್ಟೇ ಬಲವಾಗಿ ಇಟ್ಟರು. ಹುಕ್ಕೇರಿ, ಮೂಡಲಗಿ, ಗೋಕಾಕದ ಯಾವುದಾದರೂ ಒಂದು ಮಠ, ಒಂದು ಚರ್ಚು, ಒಂದು ಬಸದಿ ತಿಂಗಳಿಗೊಮ್ಮೆ ಸಭೆಯ ಮೊದಲ ಕಾಲು ಗಂಟೆಯನ್ನು ಆಕ್ಷೇಪಗಾರನಿಗೆ ಬಿಟ್ಟುಕೊಡಲಿ. ಅವನು ಮಾತಾಡಿದ ಮೇಲೆ, ಅವನೇ ಹೌದೆನ್ನುವಂತೆ ಅವನ ಮಾತನ್ನು ತಿರುಗಿ ಹೇಳಿ, ಆಮೇಲೆ ಉಪನ್ಯಾಸಕರು ಶುರು ಮಾಡಲಿ. ಮೊದಲ ಸಭೆಗೆ ವಿಷಯ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಒಳ್ಳೆಯ ದೇವರಿದ್ದೂ ಕೇಡು ಏಕಿದೆ ಎಂಬುದು ಅಕ್ವಿನಾಸ್ ತನ್ನ ಎದುರು ತಾನೇ ಬರೆದುಕೊಂಡ ಮೊದಲ ಆಕ್ಷೇಪ. ಅದನ್ನು ಎತ್ತಲು ಘಟಪ್ರಭಾದಿಂದ ಒಬ್ಬ ಹೆಣ್ಣುಮಗಳನ್ನು ಕರೆಯಬಹುದು.